ಹಲ್ಲಿನ ಮೇಸ್ತ್ರಿಯೂ ಗುಡುಗಣ್ಣನ ಸೀಟಿಯೂ

ಈ ಸಂಗತಿ ತನ್ನ ಬಾಯಿಂದ ಆಚೆ ಹೋಗುವುದಿಲ್ಲ, ಹೋದರೆ ತಾನು ಹಲ್ಲಿನ ಮೇಸ್ತ್ರಿಯೇ ಅಲ್ಲ ಎಂದು ಹಲ್ಲಿನ ಮೇಸ್ತ್ರಿ ಬೆಳಗಿನ ಕಾಫಿಯ ಮುಂದೆ ಘೋಷಿಸಿದ. ಅವನ ಮಾತಿಗೆ ತೂಕವಿತ್ತು. ಊರಿನ ಅರ್ಧದಷ್ಟು ಬಾಯಿಗಳ ಗುಟ್ಟು ಅವನ ಕೈಯಲ್ಲಿತ್ತು. ಯಾರ ನಗು ಹುಟ್ಟಿನಿಂದ ಬಂದದ್ದು, ಯಾರದು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಮೇಣದಲ್ಲಿ ರೂಪುಗೊಂಡು, ಕುದಿನೀರಿನಲ್ಲಿ ಬೆಂದು ಹೊರಬಂದದ್ದು ಎಂಬುದನ್ನು ಅವನು ಈವರೆಗೆ ಒಬ್ಬರಿಗೂ ಹೇಳಿದವನಲ್ಲ.

"ಯಾವ ಸಂಗತಿ?" ಎಂದಳು ಹೆಂಡತಿ.

ಅವನು ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ, ಹಲ್ಲಿನ ಡಾಕ್ಟರು ಕಳಿಸಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಕಟ್ಟು ಹಲ್ಲಿನ ಸೆಟ್ಟೊಂದು ನಟ್ಟನಡುವೆ ಮುರಿದು ಎರಡು ತುಂಡಾಗಿ ಮಲಗಿತ್ತು.

"ಗುಡುಗಣ್ಣಂದು ಕಣೇ" ಎಂದ.

ಹೆಂಡತಿ ಹೆಚ್ಚು ವಿವರ ಕೇಳಲಿಲ್ಲ. ಆ ಮನೆಗೆ ಮದುವೆಯಾಗಿ ಬಂದವಳಿಗೆ ಗುಡುಗಣ್ಣ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಸ್ತ್ರಿಯ ತಲೆಯಲ್ಲಿ ಭುಜದವರೆಗೆ ಕೂದಲಿದ್ದ ಕಾಲದಲ್ಲಿ ಜಗತ್ತನ್ನೇ ಕುಣಿಸಿದ ನಾಲ್ಕು ಜನರ ರಾಕ್ ತಂಡಕ್ಕೆ ಅವರು ಗಾಯಕರು. ಅಭಿಮಾನಿಗಳು ಪ್ರೀತಿಯಿಂದ ಇಟ್ಟ ಹೆಸರು ಗುಡುಗಣ್ಣ. ಹಿಂದಿನ ಕೋಣೆಯ ಗೋಡೆಯಲ್ಲಿ, ಪ್ಲಾಸ್ಟರ್ ಪುಡಿಯ ಮೋಡದ ನಡುವೆ, ಮೈಕಿನ ಮುಂದೆ ಬಾಯಿ ತೆರೆದು ನಿಂತ ಅವರ ದೊಡ್ಡ ಚಿತ್ರವೊಂದು ತೂಗುತ್ತಿತ್ತು. ಪತ್ರಿಕೆಯೊಳಗೆ ಮಡಚಿಕೊಂಡು ಬಂದಿದ್ದರಿಂದ ಅದರ ಮಡಿಕೆಯ ಗೆರೆ ಹಣೆಯಿಂದ ಇಳಿದು ಮೂಗು, ಬಾಯಿ ಹಾದು ಬೆಲ್ಟಿನ ತನಕ ಹೋಗಿತ್ತು. ಮೇಸ್ತ್ರಿ ಹಲ್ಲು ಉಜ್ಜುವ ಮೋಟಾರಿನ ಜೊತೆಗೆ ಟೇಪ್ ರೆಕಾರ್ಡರನ್ನೂ ಹಚ್ಚಿದರೆ ಸಂಜೆಯ ತನಕ ಗೋಡೆಯಾಚೆಯ ಅಡುಗೆಮನೆಗೂ ಗುಡುಗು ಕೇಳುತ್ತಿತ್ತು. ಅದರಲ್ಲೂ ಸೀಟಿಯಿಂದ ಶುರುವಾಗುವ ಆ ರೈಲಿನ ಹಾಡು. ಎಷ್ಟೋ ಸಲ ಟೇಪ್ ಆರಿಸಿದ ಮೇಲೂ ಆ ಸೀಟಿ ತೇಲಿಬರುತ್ತಿತ್ತು. ಹಾಡು ತನ್ನ ಕಿವಿಯೊಳಗೇ ಮನೆಮಾಡಿದೆ, ಭಕ್ತಿ ಅಂದರೆ ಇದೇ ಎಂದು ಮೇಸ್ತ್ರಿ ತನ್ನ ಕಿವಿಯ ಬಗ್ಗೆ ತಾನೇ ಹೆಮ್ಮೆ ಪಡುತ್ತಿದ್ದ.

ಈಗ ಆ ತಂಡ ತನ್ನ ಕೊನೆಯ ಪ್ರವಾಸದಲ್ಲಿ ಈ ಊರಿಗೆ ಬಂದಿತ್ತು. ಕೊನೆಯದು ಎಂದು ಹಿಂದೆಯೂ ಹೇಳಿದ್ದುಂಟು, ಈ ಸಲ ಡಾಕ್ಟರುಗಳೂ ಹಾಗೇ ಹೇಳಿದ್ದರಂತೆ. ವಿಮಾನದಲ್ಲಿ ಗುಡುಗಣ್ಣ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟು ನಿದ್ದೆಹೋಗಿದ್ದರು. ಶೌಚಾಲಯದಿಂದ ಬಂದ ಡ್ರಮ್ಮಿನವರು ಅದರ ಮೇಲೆ ಕೂತರು. ಡ್ರಮ್ಮಿನವರು ದಪ್ಪ ಆಸಾಮಿ.

ಮೇಸ್ತ್ರಿ ಎರಡು ತುಂಡುಗಳನ್ನೂ ಕೂಡಿಸಿ ಹಿಡಿದ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಅವನ ಮುಖ ಕಪ್ಪಿಟ್ಟಿತು. ಇಂಥ ಮಹಾನುಭಾವರ ಬಾಯಿಗೆ ಇಂಥ ಕಳಪೆ ಕೆಲಸವೇ? ಇದನ್ನು ಮಾಡಿದವನನ್ನು ಹಲ್ಲಿನ ಕಡೆ ತಲೆಹಾಕದಂತೆ ಮಾಡಬೇಕು ಎಂದು ಕೋಣೆಯಲ್ಲಿ ಶತಪಥ ತಿರುಗಿದ.

ಹೆಂಡತಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಬೇಕು ಅಂತಲೇ ಬಿಟ್ಟ ಹಾಗಿದೆ ರೀ. ಅಂಚು ಎಷ್ಟು ನಯವಾಗಿ ತೀಡಿದ್ದಾರೆ ನೋಡಿ. ಇದ್ದ ಹಾಗೇ ಮಾಡಿಕೊಟ್ಬಿಡಿ."

"ನಿನ್ನ ಬಾಯಲ್ಲೂ ಒಂದಿದೆ ನೋಡು, ಅದಕ್ಕೇ ಸಂದಿ ಕಂಡಲ್ಲೆಲ್ಲ ನಿನಗೆ ನೆಂಟಸ್ತಿಕೆ" ಎಂದ ಮೇಸ್ತ್ರಿ.

ಇದು ಆ ಮನೆಯ ಹಳೆಯ ಜಗಳ. ಹೆಂಡತಿಯ ಮುಂದಿನ ಹಲ್ಲುಗಳ ನಡುವೆ ದಪ್ಪ ದಾರ ಆರಾಮಾಗಿ ಹಾದುಹೋಗುವಷ್ಟು ಜಾಗವಿತ್ತು. ಊರವರ ಬಾಯಿಯನ್ನೆಲ್ಲ ತಿದ್ದುವವನ ಮನೆಯಲ್ಲೇ ಹೀಗಾದರೆ, ತನ್ನ ಅಂಗಡಿಯ ಬೋರ್ಡಿನಲ್ಲೇ ಅಕ್ಷರ ತಪ್ಪಿದ ಹಾಗೆ ಎಂದು ಮೇಸ್ತ್ರಿ ಮದುವೆಯಾದಾಗಿನಿಂದ ಗೊಣಗುತ್ತಿದ್ದ. ಮುಚ್ಚಿಸಿಕೋ, ಮುಚ್ಚಿಸಿಕೋ ಎಂದು ದುಂಬಾಲು ಬೀಳುತ್ತಿದ್ದ. ಅವಳದು ಒಂದೇ ಉತ್ತರ: ದೇವರು ಬಿಟ್ಟ ಜಾಗ, ಇರಲಿ ಬಿಡಿ. ಬೆಳಿಗ್ಗೆ ಎದ್ದು ಕಣ್ಣುಮುಚ್ಚಿ ಪ್ರಾರ್ಥನೆ ಮಾಡದೆ ಒಲೆ ಹಚ್ಚದ ಹೆಂಗಸು. ದೇವರ ವಿಷಯದಲ್ಲಿ ಅವಳ ಜೊತೆ ವಾದ ಮಾಡಿ ಗೆದ್ದವರಿರಲಿಲ್ಲ.

ಮೇಸ್ತ್ರಿ ಊಟ ನಿದ್ದೆ ಬಿಟ್ಟು ಕೆಲಸಕ್ಕೆ ಕೂತ. ಡಾಕ್ಟರು ಹೊಸದಾಗಿ ತೆಗೆದು ಕಳಿಸಿದ್ದ ಬಾಯಿಯ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲುಗಳನ್ನು ಒಂದಕ್ಕೊಂದು ಭುಜ ತಾಗಿಸಿ ಸಿಪಾಯಿಗಳ ಹಾಗೆ ನಿಲ್ಲಿಸಿದ. ಒಸಡಿನ ಗುಲಾಬಿ ಬಣ್ಣಕ್ಕೆ ಹೊಳಪು ಕೊಟ್ಟ. ನಡುವೆ ಗಾಳಿ ನುಸುಳಲೂ ಜಾಗವಿರಲಿಲ್ಲ. ಹಳೆಯ ತುಂಡುಗಳನ್ನು ಕಸದ ಡಬ್ಬಿಗೆ ಎಸೆದು, ಇದೀಗ ಆ ಬಾಯಿಗೆ ತಕ್ಕ ಬಾಗಿಲು ಎಂದು ಮೀಸೆ ತಿರುವಿದ.

ಹಲ್ಲು ಲಕ್ಷಣವಾಗಿ ಕೂತಿತು. ಗುಡುಗಣ್ಣ ಕನ್ನಡಿ ನೋಡಿ, ಈ ವಯಸ್ಸಿನಲ್ಲಿ ಮದುಮಗನಾದೆ ಎಂದು ನಕ್ಕು, ಎರಡು ಸಾಲು ಹಾಡಿ, ಮಾಡಿದವರಿಗೆ ಎಂದು ಮುಂದಿನ ಸಾಲಿನ ಎರಡು ಟಿಕೆಟ್ ಕೊಟ್ಟರೆಂದು ಡಾಕ್ಟರು ಫೋನ್ ಮಾಡಿದರು. ಮೇಸ್ತ್ರಿಯ ಘೋಷಣೆ ಅಲ್ಲಿಯ ತನಕ ಗಟ್ಟಿಯಾಗಿಯೇ ಇತ್ತು. ಆಮೇಲೆ ಅವನು ಕ್ಷೌರಕ್ಕೆ ಹೋದ. ಕ್ಷೌರದಂಗಡಿಯವನೊಬ್ಬನಿಗೆ, ಅದೂ ಅವನು ಕೇಳಿದನೆಂದು, ಅದೂ ಕಿವಿಯಲ್ಲಿ, ಅದೂ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ಹೇಳಿದ. ಮೇಸ್ತ್ರಿ ಮನೆ ತಲುಪುವಷ್ಟರಲ್ಲಿ ಸುದ್ದಿ ಮನೆಯ ಮೆಟ್ಟಿಲ ಮೇಲೆ ಕೂತು ಅವನಿಗಾಗಿ ಕಾಯುತ್ತಿತ್ತು.

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ವೇದಿಕೆಯವರೂ ಕೇಳುವವರೂ ಬೇಗ ಮಲಗಬೇಕಾದ ವಯಸ್ಸಿನವರು. ಗದ್ದಲ ತನಗಾಗುವುದಿಲ್ಲ ಎಂದು ಹೆಂಡತಿ ಕೈಚೀಲದಲ್ಲಿ ಹತ್ತಿ ಇಟ್ಟುಕೊಂಡೇ ಹೊರಟಳು. ಸಭಾಂಗಣ ಕಿಕ್ಕಿರಿದಿತ್ತು. ಒಂದು ಕಾಲದಲ್ಲಿ ಕುರ್ಚಿ ಮುರಿದು ಕುಣಿದವರು ಈಗ ಕುರ್ಚಿಗೆ ದಿಂಬು ತಂದಿದ್ದರು. ಹಳೆಯ ಚರ್ಮದ ಜಾಕೆಟ್ಟುಗಳ ಗುಂಡಿಗಳು ಹೊಟ್ಟೆಯ ಎರಡು ದಡಗಳಲ್ಲಿ ನಿಂತು ಒಂದನ್ನೊಂದು ನೋಡುತ್ತಿದ್ದವು. ಮೇಸ್ತ್ರಿಯನ್ನು ಕಂಡವರೆಲ್ಲ ಹಲ್ಲು ಬಿಟ್ಟು ನಕ್ಕರು. ಎಡಕ್ಕೆ ತಿರುಗಿದರೆ ತನ್ನ ಕೈಕೆಲಸ, ಬಲಕ್ಕೆ ತಿರುಗಿದರೆ ತನ್ನ ಕೈಕೆಲಸ. ಇಡೀ ಸಭಾಂಗಣವೇ ತನ್ನ ಪ್ರದರ್ಶನದಂತೆ ಕಂಡು ಅವನ ಎದೆ ಉಬ್ಬಿತು.

ದೀಪಗಳು ಆರಿ ವೇದಿಕೆ ಬೆಳಗಿತು. ಗಿಟಾರಿನವರನ್ನು ಇಬ್ಬರು ಹಿಡಿದು ತಂದು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಡ್ರಮ್ಮಿನವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದರು. ಕೀಬೋರ್ಡಿನವರು ಹುಡುಕುತ್ತಿದ್ದ ಕನ್ನಡಕ ಅವರ ಹಣೆಯ ಮೇಲಿತ್ತು. ಕೊನೆಗೆ ಗುಡುಗಣ್ಣ ಬಂದರು. ಒಂದು ಕಾಲದಲ್ಲಿ ಎತ್ತಿ ಬೀಸುತ್ತಿದ್ದ ಮೈಕಿನ ಕಂಬವನ್ನು ಈಗ ಊರುಗೋಲಿನಂತೆ ಹಿಡಿದು, ಒಂದು ಕ್ಷಣ ಕಣ್ಣುಮುಚ್ಚಿ ತಲೆ ತಗ್ಗಿಸಿದರು.

"ಪ್ರಾರ್ಥನೆ ಮಾಡ್ತಿದ್ದಾರೆ" ಎಂದು ಹೆಂಡತಿ ಮೆಲ್ಲಗೆ ಹೇಳಿ, ಕೈಯಲ್ಲಿದ್ದ ಹತ್ತಿಯನ್ನು ಇಬ್ಬರ ನಡುವೆ ಕುರ್ಚಿಯ ಕೈಮೇಲಿಟ್ಟಳು.

ಆಮೇಲೆ ಶುರುವಾಯಿತು. ಗಿಟಾರಿನವರ ಬೆರಳುಗಳು ಗಂಟು ಕಟ್ಟಿದ ಬೇರಿನ ಹಾಗಿದ್ದವು. ತಂತಿ ಮುಟ್ಟಿದ್ದೇ ತಡ, ಆ ಗಂಟುಗಳೆಲ್ಲ ಎಲ್ಲಿ ಹೋದವೋ. ಡ್ರಮ್ಮಿನ ಏಟು ನೆಲದಿಂದ ಹತ್ತಿ ಬೆನ್ನುಮೂಳೆಯಲ್ಲಿ ಓಡಿತು. ಗುಡುಗಣ್ಣನ ಗಂಟಲಲ್ಲಿ ಹಳೆಯ ಸಿಡಿಲಿರಲಿಲ್ಲ, ನಿಜ. ಗುಡುಗು ಬೆಟ್ಟದಾಚೆ ಸರಿದಿತ್ತು. ಆದರೆ ದೂರದ ಗುಡುಗಿಗೆ ಮನುಷ್ಯ ಕೆಲಸ ನಿಲ್ಲಿಸಿ ಕಿವಿಗೊಡುತ್ತಾನಲ್ಲ, ಹಾಗೆ ಜನ ಕೇಳಿದರು. ಏರಲಾಗದ ಸ್ವರದ ಬುಡಕ್ಕೆ ಬಂದಾಗ ಅವರು ಕೈಬಿಡುತ್ತಿದ್ದರು. ಗಿಟಾರಿನವರು ಅದನ್ನು ಎತ್ತಿಕೊಂಡು ಮೇಲೆ ಮುಟ್ಟಿಸಿ ಬರುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಗಂಡನ ಕನ್ನಡಕವನ್ನು ಅವನು ಕೇಳುವ ಮೊದಲೇ ಕೈಗಿಡುವ ಹೆಂಡತಿಗೆ ಇದೆಲ್ಲ ಅರ್ಥವಾಗಲು ರಾಕ್ ಸಂಗೀತ ಗೊತ್ತಿರಬೇಕಾಗಿರಲಿಲ್ಲ. ಅವಳು ಮುಂದಕ್ಕೆ ಬಗ್ಗಿ ಕೂತಳು. ಮೇಸ್ತ್ರಿಯ ಕಣ್ಣಿಂದ ನೀರು ಇಳಿಯುತ್ತಿತ್ತು.

ಆಗ ದೀಪಗಳು ಮಬ್ಬಾಗಿ ನೀಲಿಯಾದವು. ರೈಲಿನ ಹಾಡು. ಸಭಾಂಗಣ ಉಸಿರು ಬಿಗಿಹಿಡಿಯಿತು. ಗುಡುಗಣ್ಣ ಮೈಕಿಗೆ ಬಾಯಿ ಹಚ್ಚಿದರು.

ಫುಸ್.

ಜನ ಮೈಕು ಕೆಟ್ಟಿತೆಂದುಕೊಂಡರು. ಗುಡುಗಣ್ಣ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಮತ್ತೆ ಊದಿದರು. ಮತ್ತೆ ಫುಸ್. ಸೈಕಲ್ ಚಕ್ರದ ಗಾಳಿ ಇಳಿದಂತೆ. ಮೇಸ್ತ್ರಿಯ ತಲೆಯೊಳಗೆ ಆ ಸಂದಿ, ಅದರ ನಯವಾದ ಅಂಚು, ಕಸದ ಡಬ್ಬಿ ಒಂದರ ಹಿಂದೊಂದು ಬಂದು ನಿಂತವು.

ಗುಡುಗಣ್ಣ ಹಲ್ಲನ್ನು ಬೆರಳಿಂದ ತಟ್ಟಿ ನೋಡಿಕೊಂಡು ನಕ್ಕರು. "ಹಲ್ಲು ಹೊಸದು. ಇದೇ ಊರಲ್ಲಿ ಆದದ್ದು. ಇಷ್ಟು ಚಂದದ ಹಲ್ಲು ನನಗೆ ಹುಟ್ಟಿದಾಗಲೂ ಇರಲಿಲ್ಲ. ಆದ್ರೆ ಸೀಟಿ ಬರ್ತಿದ್ದದ್ದು ಹಲ್ಲಿಂದ ಅಲ್ಲ, ಹಲ್ಲು ಇಲ್ಲದ ಜಾಗದಿಂದ. ವೇದಿಕೆಯ ಆಚೆ ನಾನು ಸೀಟಿ ಹಾಕಲ್ಲ, ಅದಕ್ಕೇ ಈವರೆಗೆ ಗೊತ್ತಾಗಲಿಲ್ಲ. ಸೀಟಿ ಇಲ್ಲದೆ ಈ ರೈಲು ಹೊರಡಲ್ಲ. ನೀವೇ ಹಾಕಿ, ನೋಡೋಣ."

ಸಭಾಂಗಣ ಉತ್ಸಾಹದಿಂದ ಎದೆ ತುಂಬ ಗಾಳಿ ಎಳೆದುಕೊಂಡಿತು. ಊದಿತು. ಎಡದಿಂದ ಫುಸ್. ಬಲದಿಂದ ಫುಸ್. ಹಿಂದಿನ ಸಾಲುಗಳಿಂದ ಗಾಳಿ ಬೀಸಿದಂತೆ ದೊಡ್ಡದೊಂದು ಫುಸ್. ಮೇಸ್ತ್ರಿಯ ಜೀವಮಾನದ ಕೆಲಸ, ಎಲ್ಲೂ ಒಂದು ಸಂದಿ ಬಿಡದ ಕೆಲಸ, ಒಂದೇ ದನಿಯಲ್ಲಿ ಅವನ ಸುತ್ತ ಉಸಿರು ಬಿಟ್ಟಿತು. ಕ್ಷೌರದಂಗಡಿಯವನು ಎರಡು ಸಾಲು ಹಿಂದಿನಿಂದ ಅವನತ್ತ ಬೆರಳು ತೋರಿಸಿ ಯಾರಿಗೋ ಏನೋ ವಿವರಿಸುತ್ತಿದ್ದ.

ಇನ್ನು ಕೇಳಲಾರೆ ಎಂದು ಮೇಸ್ತ್ರಿ ಕುರ್ಚಿಯ ಕೈಮೇಲಿದ್ದ ಹತ್ತಿಯನ್ನು ಎರಡೂ ಕಿವಿಗೆ ಒತ್ತಿ ತುಂಬಿ, ತಲೆ ಬಗ್ಗಿಸಿ ಕೂತ. ಸ್ವಲ್ಪ ಹೊತ್ತಿಗೆ ಕಣ್ಣೆತ್ತಿದರೆ ಸಾಲಿನ ಆಚೀಚೆಯವರೆಲ್ಲ ತನ್ನ ಕಡೆ ತಿರುಗಿದ್ದಾರೆ. ಹಿಂದಿನವರು ಎದ್ದು ನಿಂತು ನೋಡುತ್ತಿದ್ದಾರೆ. ವೇದಿಕೆಯಿಂದ ಬೆಳಕಿನ ಕಂಬವೊಂದು ನೇರ ಅವನ ಕಡೆಗೆ ಬಿತ್ತು. ಗುಡುಗಣ್ಣ ಕೈಚಾಚಿ ತೋರಿಸುತ್ತಿದ್ದಾರೆ. ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡು ಮೇಸ್ತ್ರಿ ಎದ್ದು ನಿಂತು, ಕೈಮುಗಿದು, ಗಟ್ಟಿಯಾಗಿ ಹೇಳಿಯೇಬಿಟ್ಟ. "ತಪ್ಪಾಯ್ತು. ಮುಚ್ಚಿದ್ದು ನಾನೇ."

ಪಕ್ಕದವರು ಅವನ ಅಂಗಿ ಹಿಡಿದು ಕೂರಿಸಿ ಕಿವಿಯಿಂದ ಹತ್ತಿ ಕಿತ್ತರು. ಆಗ ಕೇಳಿತು.

ಸೀಟಿ. ತೆಳ್ಳಗೆ, ನೀಳವಾಗಿ, ದೂರದ ರೈಲಿನ ಹಾಗೆ, ಒಂದಿಷ್ಟೂ ಒಡೆಯದೆ. ಅವನ ಕಿವಿಯೊಳಗೆ ಮನೆಮಾಡಿದ್ದ ಅದೇ ಸೀಟಿ. ಅದು ಬರುತ್ತಿದ್ದದ್ದು ಪಕ್ಕದ ಕುರ್ಚಿಯಿಂದ. ಬೆಳಕು ಬಿದ್ದದ್ದು ಹೆಂಡತಿಯ ಮೇಲೆ. ಅವಳು ತರಕಾರಿ ಹೆಚ್ಚುವಾಗ ಕೂರುವ ಹಾಗೆಯೇ ಕೂತು, ಬೆಳಗಿನ ಪ್ರಾರ್ಥನೆಯ ಹಾಗೆ ಕಣ್ಣುಮುಚ್ಚಿ, ಬೆರಳಿನ ಸಹಾಯವಿಲ್ಲದೆ ರೈಲು ಬಿಡುತ್ತಿದ್ದಳು. ಟೇಪ್ ಆರಿಸಿದ ಮೇಲೂ ಕೇಳುತ್ತಿದ್ದದ್ದು ಏನೆಂದು ಮೇಸ್ತ್ರಿಗೆ ಅಲ್ಲಿ, ಅಷ್ಟು ಜನರ ನಡುವೆ ತಿಳಿಯಿತು. ಗೋಡೆಯ ಆ ಕಡೆ ಒಬ್ಬಳು ಇಷ್ಟು ವರ್ಷ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಗಿಟಾರಿನವರು ಸ್ಟೂಲಿನಿಂದ ಇಳಿದು ನಿಂತೇಬಿಟ್ಟರು. ಅವಳ ಸೀಟಿಯ ತುದಿ ಹಿಡಿದು ಮೊದಲ ತಂತಿ ಮೀಟಿದರು. ರೈಲು ಹೊರಟಿತು. ಗುಡುಗಣ್ಣ ಹಾಡಿದರು. ಆ ಒಂದು ಹಾಡಿಗೆ ಅವರ ಗುಡುಗು ಬೆಟ್ಟದಾಚೆಯಿಂದ ಹಿಂದಿರುಗಿ ಬಂತು ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ದಿಂಬುಗಳು ಕೆಳಗೆ ಬಿದ್ದವು. ಮಂಡಿನೋವಿನವರು ಎದ್ದು ಕುಣಿದರು. ಹಾಡು ಮುಗಿದಾಗ ಗುಡುಗಣ್ಣ ಮೈಕಿನ ಕಂಬಕ್ಕೆ ಒರಗಿ, ಮುಂದಿನ ಸಾಲಿನ ಆ ಹೆಂಗಸಿಗೆ ತಲೆಬಾಗಿ ನಮಸ್ಕರಿಸಿದರು. ಅವಳು ಸೆರಗು ಸರಿಮಾಡಿಕೊಂಡು, ಏನೂ ಆಗದವಳಂತೆ ಗಂಡನಿಗೆ ಕರವಸ್ತ್ರ ಕೊಟ್ಟಳು.

ಮನೆಗೆ ಬಂದವನೇ ಮೇಸ್ತ್ರಿ ಹಿಂದಿನ ಕೋಣೆಗೆ ಹೋಗಿ ಗೋಡೆಯ ಚಿತ್ರಕ್ಕೆ ಕಣ್ಣು ಹತ್ತಿರ ಹಿಡಿದ. ಮಡಿಕೆಯ ಗೆರೆ ಮೂಗಿನ ಮೇಲಿಂದ ಇಳಿದು ತುಟಿಯ ಎಡಕ್ಕೆ ಹೋಗಿತ್ತು. ಇಷ್ಟು ವರ್ಷ ಅದೂ ಮಡಿಕೆಯೇ ಎಂದುಕೊಂಡಿದ್ದ, ನಟ್ಟನಡುವೆ ಹಲ್ಲುಗಳ ನಡುವೆ ಇದ್ದ ಕಪ್ಪು ಗೆರೆ ಬೇರೆಯೇ.

"ಅದು ಮಡಿಕೆ ಅಲ್ಲ. ವಾರವಾರ ಧೂಳು ಒರೆಸೋದು ನಾನಲ್ವಾ" ಎಂದಳು ಹೆಂಡತಿ, ಬಾಗಿಲಿಂದ.

ಮರುದಿನ ಬೆಳಿಗ್ಗೆ ಡಾಕ್ಟರು ಅದೇ ಡಬ್ಬಿಯನ್ನು ತಾವೇ ತಂದರು. ತಂಡ ಮುಂದಿನ ಊರಿಗೆ ಹೊರಡುವ ಮೊದಲು ಸಂದಿ ಆಗಬೇಕು. ಎಷ್ಟು ಅಗಲ ಎಂದು ಕೇಳಿದ್ದಕ್ಕೆ, ನಿನ್ನೆ ಸೀಟಿ ಹಾಕಿದ ಅಮ್ಮನವರದು ಎಷ್ಟಿದೆಯೋ ಅಷ್ಟು ಎಂದು ಗುಡುಗಣ್ಣ ಹೇಳಿಕಳಿಸಿದ್ದರು.

ಮೇಸ್ತ್ರಿ ಅಳತೆಗೋಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಸ್ವಲ್ಪ ಬಾಯಿ ತೆರೆಯುತ್ತೀಯಾ ಎಂದು ಕೇಳಿದ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ಮೆತ್ತಗೆ ಮಾತಾಡಿರಲಿಲ್ಲ.

"ಸೀಟಿ ಬರುತ್ತೆ ಅಂತ ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?"

"ಮುಚ್ಚಿಸ್ಕೋತೀಯಾ ಅಂತ ಕೇಳಿದ್ರಿ. ಅದರಿಂದ ಏನಾಗುತ್ತೆ ಅಂತ ಕೇಳಲೇ ಇಲ್ಲ" ಎಂದು ಅವಳು ಕೈ ಒರೆಸಿಕೊಂಡು ಬೆಳಕಿಗೆ ಮುಖ ಮಾಡಿ ಬಾಯಿ ತೆರೆದಳು.

ಆ ಬೆಳಿಗ್ಗೆ ಮೇಸ್ತ್ರಿ ಟೇಪ್ ಹಚ್ಚಲಿಲ್ಲ. ಅಡುಗೆಮನೆಯ ಸೀಟಿ ಕೇಳುತ್ತ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉಜ್ಜಿ ಸಂದಿ ಬಿಡಿಸಿ, ಅಂಚನ್ನು ನಯವಾಗಿ ತೀಡಿ, ಸರಿಯಾಗಿದೆಯೇ ನೋಡು ಎಂದು ಹೆಂಡತಿಯ ಮುಂದೆ ಹಿಡಿದ. ಅವಳು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿ, ಡಬ್ಬಿಯ ಹತ್ತಿಯ ಮೇಲಿಟ್ಟು ಮುಚ್ಚಳ ಹಾಕಿದಳು.

"ಈಗ ನಿಮ್ಮ ಬೋರ್ಡಲ್ಲಿ ಎರಡು ಅಕ್ಷರ ತಪ್ಪಾಯ್ತು ನೋಡಿ. ಒಂದು ಮನೇಲಿರುತ್ತೆ. ಇನ್ನೊಂದು ಊರೂರು ಸುತ್ತಿ ಎಲ್ಲರಿಗೂ ತೋರಿಸ್ಕೊಂಡು ಬರುತ್ತೆ."