ಮಾವನವರ ಪುಟಕ್ಕೆ ಬೀಗ

ಮಾಲೀಕರ ಮಾವನವರ ಆತ್ಮಕಥೆಯಲ್ಲಿ, ಮಾವನವರ ಫೋಟೋದ ಕೆಳಗೆ ‘ನಮ್ಮ ಮನೆ ಕಾಯುವ ಮುದ್ದು ನಾಯಿ’ ಎಂದಿತ್ತು. ನಾಯಿಯ ಕೆಳಗೆ ‘ನಾನು, ನಿವೃತ್ತಿಯ ದಿನ’.

ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಂಪುಪೆನ್ನಪ್ಪನ ಎದೆ ಧಸಕ್ಕೆಂದಿತು. ಇನ್ನೊಂದು ತಪ್ಪು ಅಚ್ಚಾದರೆ ಮನೆಗೆ ಹೋಗು ಎಂದು ಮಾಲೀಕರು ಮೊನ್ನೆಯಷ್ಟೇ ಗುಡುಗಿದ್ದರು. ತಕ್ಷಣ ಸಾಲುಗಳನ್ನು ಅದಲುಬದಲು ಮಾಡಿ, ಸೇವ್ ಮಾಡಿ, ನೀರು ಕುಡಿದು ಬಂದ.

ಬಂದು ನೋಡಿದರೆ ಮಾವನವರು ಮತ್ತೆ ನಾಯಿಯಾಗಿದ್ದರು!

ಇನ್ನೊಮ್ಮೆ ತಿದ್ದಿದ. ಮತ್ತೆ ನಾಯಿ.

“ಮೊದಲು ಕಣ್ಣು ತೋರಿಸ್ಕೊಳ್ಳಿ,” ಎಂದರು ಪಕ್ಕದ ಮೇಜಿನ ಲೆಕ್ಕದಮ್ಮ.

“ಕಣ್ಣಲ್ಲಮ್ಮಾ! ನಾನು ಫೈಲು ತೆರೆದ್ರೆ ಬೇರೆಯವರಿಗೆ ಬೀಗ ಬೀಳುತ್ತೆ. ಇದನ್ನ ಮುಟ್ಟೋರಾದ್ರೂ ಯಾರು?”

ಎಲ್ಲರ ಫೈಲುಗಳಿರುವ ಸರ್ವರ್ ನೋಡಿಕೊಳ್ಳುವ ಕನ್ನಡಕದವನು ಬಂದು ಪರದೆ ನೋಡಿ ನಕ್ಕ. “ಸಾರ್, ಸರ್ವರ್ ಒಂದೇ, ಬಾಗಿಲು ಎರಡು. ಕೆಳಗಿನವ್ರು ನೀವು ಒಂದು ಪದ್ಧತೀಲಿ ಒಳಗೆ ಹೋಗ್ತೀರ, ಮಹಡಿಯವ್ರು ಇನ್ನೊಂದರಲ್ಲಿ. ಈ ಬಾಗಿಲಿನ ಬೀಗ ಆ ಬಾಗಿಲಿಗೆ ಗೊತ್ತೇ ಆಗಲ್ಲ. ಮೇಲೆ ಚಿತ್ರದಮ್ಮ ಬೆಳಿಗ್ಗೆಯಿಂದ ಫೋಟೋದಲ್ಲಿ ಮಾವನವರ ಮೀಸೆ ಕಪ್ಪು ಮಾಡ್ತಿದಾರೆ. ಅವರು ಸೇವ್ ಮಾಡಿದಾಗೆಲ್ಲ ಅವರ ಹತ್ರ ಇರೋ ಹಳೇ ಪುಟ ಬಂದು ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತೆ.”

“ಅಯ್ಯೋ! ಹಾಗಾದ್ರೆ ಹಿಂದಿನ ತಪ್ಪುಗಳೂ ನನ್ನವಲ್ಲ ಅಂತಾಯ್ತು!” ಕೆಂಪುಪೆನ್ನಪ್ಪನಿಗೆ ಅಳುವೇ ಬಂತು.

“ಇವತ್ತಿಂದ ಎಲ್ಲಾ ಬಾಗಿಲಿಗೂ ಒಂದೇ ಬೀಗ,” ಎಂದು ಕನ್ನಡಕದವನು ಏನೇನೋ ಒತ್ತಿದ. ಫೈಲು ಬಿಟ್ಟುಕೊಡುವಂತೆ ಸರ್ವರ್ ಮಹಡಿಗೆ ಹೇಳಿಕಳಿಸಿತು. ಮೀಸೆ ಮುಗಿದಿತ್ತು, ಚಿತ್ರದಮ್ಮ ಬಿಟ್ಟುಕೊಟ್ಟರು. ಕೆಂಪುಪೆನ್ನಪ್ಪ ತಿದ್ದಿ, ಸೇವ್ ಮಾಡಿ, ಯಾರೂ ಮುಟ್ಟಬಾರದೆಂದು ಫೈಲನ್ನು ಮುಚ್ಚದೆ ಕಾವಲು ಕೂತ. ಊಟಕ್ಕೂ ಏಳಲಿಲ್ಲ. ಮಾವನವರು ಮಾವನವರಾಗಿಯೇ ಉಳಿದರು. ಅವನಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಸಂಜೆ ಅಚ್ಚಿನ ಯಂತ್ರದವನು ಕೈ ಒರೆಸಿಕೊಳ್ಳುತ್ತಾ ಬಂದ. “ಅಲ್ಲ ಸಾರ್, ನಿಮ್ಮ ಫೈಲಿಗೆ ಇವತ್ತೇನು ದೊಡ್ಡರೋಗ? ಯಂತ್ರದಿಂದ ಎಷ್ಟು ಸಲ ಕೇಳಿದ್ರೂ ಬೀಗ ಹಾಕಿದೆ, ಬೀಗ ಹಾಕಿದೆ ಅಂತಾನೇ ಬರ್ತಿತ್ತು. ಯಾವತ್ತೂ ಹೀಗಾಗಿರ್ಲಿಲ್ಲ.”

ಕೆಂಪುಪೆನ್ನಪ್ಪ ಕುರ್ಚಿಯಿಂದ ಎದ್ದ. “ಮತ್ತೆ... ಏನು ಮಾಡಿದ್ರಿ?”

“ಮಾಲೀಕರು ಅವಸರ ಮಾಡ್ತಿದ್ರು. ಬಣ್ಣ ನೋಡೋಕೆ ಅಂತ ಚಿತ್ರದಮ್ಮ ಬೆಳಿಗ್ಗೆ ಕೊಟ್ಟಿದ್ದ ಪ್ರತೀನೇ ಹಾಕ್ಬಿಟ್ಟೆ. ಎಲ್ಲಾ ಅಚ್ಚಾಯ್ತು. ಮಾವನವರೂ ಬಂದಿದ್ರು, ಮೊದಲನೇ ಪುಸ್ತಕ ಅವರ ಕೈಗೇ ಕೊಟ್ಟೆ.”

ಮಾಲೀಕರ ಕೋಣೆಯಿಂದ ಮಾವನವರ ದನಿ ನಡುಗುತ್ತಾ ಕೇಳಿಬಂತು.

“ಅಳಿಯಂದಿರೇ, ಇಷ್ಟು ವರ್ಷ ನೀವು ನನ್ನನ್ನ ತಿಳ್ಕೊಂಡಿದ್ದು ಇಷ್ಟೇನಾ?”