ಮಾವನ ಕಿವಿಗೆ ಮೊಲದ ಟೋಪಿ

ಬಾಡೂಟ ಉಂಡ ಗಂಡಸು ಕೈ ತೊಳೆದು ತೆಪ್ಪಗೆ ಮಲಗಿಬಿಡಬೇಕು. ಹೊಟ್ಟೆ ತುಂಬಿದಾಗ ನಾಲಿಗೆಗೆ ಬರುವ ಧೈರ್ಯ ಆಮೇಲೆ ಕೈಗೆ ಬರುವುದಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಇಷ್ಟು ಸಾಮಾನ್ಯ ಜ್ಞಾನವನ್ನು ಒಂದು ಜೊತೆ ಮೊಲಗಳಿಂದ ಕಲಿಯಬೇಕಾಯಿತು.

ನನ್ನ ಷಡ್ಡಕ ಚಿನಕುರಳಿಯಲ್ಲಿ ಮೊಲ ಸಾಕುತ್ತಾನೆ. ಗೂಡಿನಲ್ಲಿ ಬೆಳೆದ ಬಿಳಿ ಮೊಲಗಳು. ಚಳಿಗಾಲದ ಒಂದು ಭಾನುವಾರ ಅವನ ಮನೆಯಲ್ಲಿ ಮೊಲದ ಸಾರು, ಮುದ್ದೆ. ಅಕ್ಕಿಹೆಬ್ಬಾಳಿನಿಂದ ನಮ್ಮಿಬ್ಬರ ಮಾವನವರೂ ಬಂದಿದ್ದರು. ಮಾವನಿಗೆ ಷಡ್ಡಕ ವರ್ಷ ವರ್ಷವೂ ಏನಾದರೊಂದು ಕೊಡಿಸುತ್ತಾನೆ. ನಾನು ಸಲಹೆ ಕೊಡುತ್ತೇನೆ. ಯಾರ ತೂಕ ಎಷ್ಟು ಎಂಬುದು ಮಾವನ ಮುಖ ನೋಡಿದರೆ ಗೊತ್ತಾಗುತ್ತದೆ. ಅಂದು ಅವರು ಟವೆಲ್ಲನ್ನು ಕಿವಿಗೆ ಬಿಗಿದುಕೊಂಡು, “ಮುಂಜಾನೆ ನಾಲೆ ತಾವ್ ವೋದ್ರೆ ಕಿವಿ ಒಳಕ್ಕೆ ಉಳಿ ಒಡ್ದಂಗಾಯ್ತದೆ ಕಣ್ರಪ್ಪ” ಎಂದರು. ನಾನು ಎರಡನೇ ಮುದ್ದೆ ನುಂಗಿ, “ಆ ಮೊಲದ ಚರ್ಮ ಬಿಸಾಕಬೇಡಿ. ನಾನೇ ಹದ ಮಾಡಿ ಮಾವನಿಗೆ ಟೋಪಿ ಮಾಡಿಕೊಡ್ತೀನಿ” ಎಂದುಬಿಟ್ಟೆ. “ಮೇಷ್ಟ್ರಾಗಿರೋ ಅಳಿಮಯ್ಯ ಯೋಳುದ್ಮೇಲೆ ಆಯ್ತದೆ ಬುಡಿ” ಎಂದು ಮಾವ ಮೊದಲ ಸಲ ನನ್ನನ್ನು ಗೌರವದಿಂದ ನೋಡಿದರು. ಷಡ್ಡಕ ಎರಡು ಚರ್ಮಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಟ್ಟ.

ಮೊಲದ ಚರ್ಮ ಎಂಥದ್ದು ಎಂದು ನಿಮಗೆ ಗೊತ್ತಿಲ್ಲದಿದ್ದರೆ ನೀವೇ ಪುಣ್ಯವಂತರು. ಈರುಳ್ಳಿ ಸಿಪ್ಪೆಗೂ ಅದಕ್ಕಿಂತ ಗಟ್ಟಿತನ ಇರುತ್ತದೆ. ಅದರ ಒಳಮೈಯಲ್ಲಿ ಒಂದು ಪೊರೆ. ಅದನ್ನು ಹೆರೆದು ತೆಗೆಯದಿದ್ದರೆ ಹದ ಒಳಗೆ ಇಳಿಯುವುದಿಲ್ಲ. ಮೊಬೈಲಿನ ವಿಡಿಯೋದಲ್ಲಿ ಒಬ್ಬ ಗಡ್ಡದವನು ನಗುನಗುತ್ತಾ ಹೆರೆದು ತೋರಿಸಿದ್ದ. ನಾನು ಹಗುರವಾಗಿ ಹೆರೆದರೆ ಪೊರೆ ಜಗ್ಗಲಿಲ್ಲ, ಒತ್ತಿ ಹೆರೆದರೆ ಬೆರಳೇ ಆಚೆ ಬಂತು. ಮೊದಲ ಚರ್ಮದಲ್ಲಿ ಗಾಳಿಬೆಳಕಿಗೆ ಸಾಕಷ್ಟು ಕಿಟಕಿಗಳಾದವು. ಎರಡನೆಯದನ್ನು ಹೆದರಿ ಅರ್ಧಕ್ಕೇ ಬಿಟ್ಟೆ. ಎರಡನ್ನೂ ಉಪ್ಪು, ಪಟಿಕದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹಿತ್ತಲಲ್ಲಿಟ್ಟು ಸ್ಕೂಲಿಗೆ ಹೋದೆ.

ಸಂಜೆ ಬಂದು ನೋಡಿದರೆ ಬಿಳಿ ಮೊಲಗಳು ಹಳದಿಯಾಗಿವೆ!

“ಉಪ್ಪು ಆಕಿದ್ರಿ, ಅರಿಶ್ನ ಮರ್ತಿದ್ರಿ. ನಾನೇ ಒಂದ್ ಹಿಡಿ ಆಕ್ದೆ” ಎಂದಳು ಹೆಂಡತಿ ಸುನಂದ, ಉಪಕಾರ ಮಾಡಿದವಳ ದನಿಯಲ್ಲಿ.

“ಅದು ಬಾಡಲ್ಲ ಕಣೇ, ಚರ್ಮ!”

“ಯಾವ್ದಾದ್ರೇನು? ಅರಿಶ್ನ ಇಲ್ದೆ ನೆನೆ ಆಕ್ತಾರಾ ಯಾರಾದ್ರೂ?”

ನಮ್ಮ ಕಡೆ ಬಾಡು ಮನೆಗೆ ಬಂದರೆ ಮೊದಲು ಉಪ್ಪು ಅರಿಶಿನ, ಆಮೇಲೆ ಮಿಕ್ಕ ಮಾತು. ಇದರ ಮುಂದೆ ನನ್ನ ರಸಾಯನಶಾಸ್ತ್ರ ನಡೆಯಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಹಿತ್ತಲು ನಾತ ಹೊಡೆಯತೊಡಗಿತು. ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದು ಬಂದರು. “ಮೇಷ್ಟ್ರೇ, ಈ ಕೆಲ್ಸ ಎಲ್ಲಾ ಊರಾಚೆ ಮಡಿಕಳಿ. ಇದು ಮರ್ವಾದಸ್ಥರು ಇರೋ ಬೀದಿ” ಎಂದು, ಬಾಗಿಲಲ್ಲಿ ಬಿಟ್ಟಿದ್ದ ಚರ್ಮದ ಚಪ್ಪಲಿ ಮೆಟ್ಟಿಕೊಂಡು ಹೋದರು. ತಮಟೆ ಇಲ್ಲದೆ ನಮ್ಮ ಯಾವ ದೇವರೂ ಗುಡಿಯಿಂದ ಹೊರಡುವುದಿಲ್ಲ. ಆ ತಮಟೆಯ ಚರ್ಮ ಹದ ಮಾಡಿದವರಿಗೆ ನಮ್ಮ ಹಿರಿಯರು ತೋರಿಸಿದ್ದು ಇದೇ ಊರಾಚೆಯನ್ನು. ನನಗೆ ವಿಪರೀತ ಸಿಟ್ಟು ಬಂತು. ಆದರೆ ‘ಹೀಗೆ ಹೇಳುವುದು ತಪ್ಪು’ ಎನ್ನುವುದಕ್ಕಿಂತ ಮೊದಲು ‘ನನಗೆ ಹೇಳಿದರಲ್ಲ’ ಎಂದೇ ಸಿಟ್ಟು ಬಂದದ್ದು. ಮೊಲದ ಚರ್ಮ ತೆಳು ಎಂದು ಬೈದೆನಲ್ಲ, ನನ್ನದನ್ನು ಯಾರೂ ಹೆರೆದು ನೋಡಿರಲಿಲ್ಲ ಅಷ್ಟೆ.

ಅವಸರದಲ್ಲಿ ಎರಡನ್ನೂ ತಾರಸಿಯ ಬಿಸಿಲಿಗೆ ಹಾಕಿದೆ. ಅರ್ಧ ಒಣಗಿದಾಗಲೇ ಎಳೆದೆಳೆದು ಮೆತ್ತಗೆ ಮಾಡಬೇಕಂತೆ. ನಾನು ಪೂರ್ತಿ ಒಣಗಿಸಿ ಹಪ್ಪಳ ಮಾಡಿದ್ದೆ. ಎಣ್ಣೆ ಸವರಿ ಎಳೆದರೆ ಚರ್ಮ ಲಟಲಟ ಎಂದಿತು, ಕೂದಲು ಕೈಗೆ ಬಂತು. ಆದರೂ ಕೊಟ್ಟ ಮಾತು! ಉಳಿದದ್ದಕ್ಕೆ ಸುನಂದಳ ಹಳೇ ಶಾಲಿನ ಒಳಪದರ ಕೊಟ್ಟು ಟೋಪಿ ಹೊಲಿಸಿ, ಅಕ್ಕಿಹೆಬ್ಬಾಳಿಗೆ ಹೋಗಿ ಮಾವನ ತಲೆಗೆ ಇಟ್ಟು ಬಂದೆ.

ಮುಂದಿನ ವಾರವೇ ಮಾವ ಬಸ್ಸು ಹತ್ತಿ ಬಂದರು. “ಬೆಚ್ಚಗಿತ್ತು, ಸುಳ್ಳು ಯೋಳ್ಬಾರ್ದು” ಎಂದು ಶುರು ಮಾಡಿದರು. “ಆದ್ರೆ ಮಂಜಲ್ಲಿ ನೆಂದು ಅರಿಶ್ನ ಕೆನ್ನೆ ಮ್ಯಾಲೆಲ್ಲಾ ಇಳೀತು. ಟೇಸನ್ ತಾವ್ ಇರೋರೆಲ್ಲಾ ‘ಈ ವಯಸ್ನಲ್ಲಿ ಇನ್ನೊಂದ್ ಮದ್ವೆನಾ ಗೌಡ್ರೇ’ ಅಂತಾವ್ರೆ.” ಚೀಲದಿಂದ ಟೋಪಿ ತೆಗೆದರು. ನಡುವೆ ಬೋಳು, ಸುತ್ತ ನಾಲ್ಕು ಕೂದಲು. ಅದನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿ, “ನೀವೇ ಇಕ್ಕಳಿ ಅಳಿಮಯ್ಯ. ನಿಮ್ಗೇ ವೊಂದ್ಕತದೆ” ಎಂದರು.

ಉಪ್ಪು ಎಲ್ಲಿ ಹೆಚ್ಚಾಯಿತು, ಬಿಸಿಲು ಎಲ್ಲಿ ಕೈಕೊಟ್ಟಿತು ಎಂದು ನಾನು ವೈಜ್ಞಾನಿಕವಾಗಿ ವಿವರಿಸಲು ಹೊರಟೆ. ಅಷ್ಟರಲ್ಲಿ ಮಾವ ಅದೇ ಚೀಲದಿಂದ ಷಡ್ಡಕ ಕೊಡಿಸಿದ ಹೊಸ ಮಂಕಿ ಕ್ಯಾಪು ತೆಗೆದು ಎರಡೂ ಕಿವಿ ಮುಚ್ಚುವಂತೆ ಎಳೆದುಕೊಂಡರು. ತುಂಬ ಒಳ್ಳೆಯ ಉಣ್ಣೆ ಇರಬೇಕು. ನಾನು ಹೇಳಿದ್ದು ಒಂದೂ ಅವರಿಗೆ ಕೇಳಿಸಲಿಲ್ಲ.