ಹೆಂಚಿನ ಮೇಲೆ ಇಂಜಿನ್ ಎಣ್ಣೆ

ಮೋಟಾರು ಕೊಂಡವರನ್ನು ನೀವು ನೋಡಿರುತ್ತೀರಿ. ಕೊಂಡ ಮೋಟಾರಿಗೆ ದಣಿವಾದೀತೆಂದು ಅದನ್ನು ನೆರಳಿನಲ್ಲಿ ನಿಲ್ಲಿಸಿ, ತಾವು ಸುಡುಬಿಸಿಲಿನಲ್ಲಿ ನಡೆದು ಹೋಗುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅವರ ಮನೆಯಲ್ಲೇ ಉಂಡು ಬೆಳೆದಿದ್ದೇನೆ. ಅವರು ನಮ್ಮ ದೊಡ್ಡಪ್ಪ.

ಆಗಿನ್ನೂ ಮಹಾರಾಜರ ಕಾಲ. ಚಳ್ಳಕೆರೆ ಪೇಟೆಯಲ್ಲಿ ದೊಡ್ಡಪ್ಪನದು ಕಡಲೆಕಾಯಿ ಎಣ್ಣೆಯ ವ್ಯಾಪಾರ. ಅದೇ ಊರಿನ ಶಾಲೆಯಲ್ಲಿ ನನ್ನದು ಮೇಷ್ಟರ ಕೆಲಸ. ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ದೊಡ್ಡಪ್ಪ ಆ ಮೋಟಾರನ್ನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಬಟ್ಟೆಯ ಚಾವಣಿ, ಹಿತ್ತಾಳೆಯ ದೀಪ, ಮುಂದುಗಡೆ ತಿರುಗಿಸಲು ಒಂದು ಹ್ಯಾಂಡಲು. ಸವಾರಿ ದೊಡ್ಡಪ್ಪನದು, ಹ್ಯಾಂಡಲು ನನ್ನದು. ಅದು ಮನಸ್ಸು ಬಂದರೆ ಒಂದೇ ತಿರುವಿಗೆ ಗುಡುಗುತ್ತಿತ್ತು, ಬಾರದಿದ್ದರೆ ನನ್ನ ರಟ್ಟೆ ಕಳಚುವವರೆಗೂ ಸುಮ್ಮನಿರುತ್ತಿತ್ತು.

ಇಷ್ಟೆಲ್ಲ ಮಾಡಿ ನಾವು ಹೋಗುತ್ತಿದ್ದದ್ದು ಎಲ್ಲಿಗೆ ಅಂತೀರಿ? ಮನೆಯಿಂದ ಅಂಗಡಿಗೆ! ದೊಡ್ಡವ್ವ ಜಗಲಿಯ ಮೇಲೆ ನಿಂತು ಕೂಗಿದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಕೇಳಿಸುವಷ್ಟು ದೂರ. ಬೆಳಿಗ್ಗೆ ಅಷ್ಟು ದೂರ ಓಡಿದ ಮೋಟಾರು ಸಂಜೆಯವರೆಗೂ ಅಂಗಡಿಯ ಮುಂದೆ ಸುಧಾರಿಸಿಕೊಳ್ಳಬೇಕು. ಮಧ್ಯಾಹ್ನದ ಊಟಕ್ಕೆ ದೊಡ್ಡಪ್ಪ ನಡೆದೇ ಬರುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಅದರ ಮೂತಿಗೆ ಕರಿಯ ಕಂಬಳಿ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸುತ್ತಿದ್ದರು. ಇಂಜಿನ್ನಿನ ಒಳಗಿನ ಗಾಳಿ ಹೊರಹೋಗಲೆಂದು ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಬಿಟ್ಟಿದ್ದರಲ್ಲ, ನಮ್ಮ ಸೀಮೆಯ ಧೂಳು ಅದರೊಳಗೆ ಹೋದೀತೆಂದು ಅದಕ್ಕೊಂದು ಮಡಿ ಪಂಚೆಯ ತುಂಡನ್ನು ತುರುಕಿದ್ದರು. ಧೂಳಿನಿಂದ ಮೋಟಾರನ್ನು ಕಾಪಾಡಿದವನು ತಾನೊಬ್ಬನೇ ಎಂಬ ಹೆಮ್ಮೆ ಬೇರೆ.

ಹೀಗಿರುವಾಗ ಅವರು ಒಂದು ಮಾತು ಕೊಟ್ಟುಬಿಟ್ಟರು. ಅವರ ಒಬ್ಬಳೇ ಮಗಳು, ನನ್ನ ತಂಗಿ ಗೌರಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಬೀಗರದು ರೇಷ್ಮೆ ಸೀರೆಯ ವ್ಯಾಪಾರ. ಮದುವೆಯ ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ, ಚೊಚ್ಚಲ ಹೆರಿಗೆಗೆ ಮಗಳನ್ನು ಮೋಟಾರಿನಲ್ಲೇ ಕರೆದೊಯ್ಯುತ್ತೇನೆ ಎಂದು ಸಾರಿದರು. ಬೀಗರು ತಣ್ಣಗೆ, ನಿಮ್ಮ ಮೋಟಾರು ಅಂಗಡಿ ದಾಟಿ ಮುಂದೆ ಬರುತ್ತದೆಯೇ ಎಂದು ಕೇಳಿದರು. ಪಂಕ್ತಿಯೆಲ್ಲ ನಕ್ಕಿತು. ದೊಡ್ಡಪ್ಪ ಆವತ್ತು ಎರಡನೆಯ ಹೋಳಿಗೆ ಹಾಕಿಸಿಕೊಳ್ಳಲಿಲ್ಲ.

ಒಂದು ಚಳಿಗಾಲ ಆ ಸುದ್ದಿ ಬಂದೇಬಂತು. ಗೌರಿಗೆ ಏಳು ತಿಂಗಳು ತುಂಬುತ್ತಿತ್ತು. ಹುಡುಗಿ ಮೊದಲೇ ಸಣಕಲು. ಎತ್ತಿನ ಗಾಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋಗುವುದು ಬೇಡವೇ ಬೇಡ ಎಂದು ಅಲ್ಲಿಯ ಸೂಲಗಿತ್ತಿ ಖಂಡಿತವಾಗಿ ಹೇಳಿದ್ದಳಂತೆ. ಮೋಟಾರು ಬರದಿದ್ದರೆ ಹೆರಿಗೆ ಅಲ್ಲೇ ಆಗಲಿ ಎಂದು ಬೀಗರು ಹೇಳಿ ಕಳಿಸಿದ್ದರು. ಅಮ್ಮನ ಮನೆಗೆ ಬರಬೇಕೆಂದು ಗೌರಿ ಊಟ ಬಿಟ್ಟು ಕೂತಿದ್ದಾಳೆ ಎಂದೂ ತಿಳಿಯಿತು. ಅಷ್ಟು ಕೇಳಿದ್ದೇ ತಡ, ದೊಡ್ಡಪ್ಪ ಮೋಟಾರಿನ ಕಂಬಳಿ ತೆಗೆದರು. ಎಣ್ಣೆ ಅಳೆಯುವ ಕಡ್ಡಿಯನ್ನು ಇಂಜಿನ್ನಿನೊಳಗೆ ಇಳಿಬಿಟ್ಟು ಮೇಲೆತ್ತಿದರು. ಎತ್ತಿದವರು ಹಾಗೇ ನಿಂತರು.

"ಲೇ ಮೇಷ್ಟ್ರೇ, ಬಾ ಇಲ್ಲಿ. ಗಾಡಿ ಮಜ್ಜಿಗೆ ಕುಡದೈತೆ."

ಹೋಗಿ ನೋಡಿದೆ. ಕಪ್ಪಗೆ ಮಿರುಗಬೇಕಾದ ಎಣ್ಣೆ ಬೆಳ್ಳಗೆ, ಗಟ್ಟಿಯಾಗಿ, ಗಸಗಸೆ ಪಾಯಸದ ಹಾಗೆ ಕಡ್ಡಿಗೆ ಅಂಟಿಕೊಂಡಿತ್ತು. ಎಣ್ಣೆಗೆ ನೀರು ಸೇರಿತ್ತು.

ಇದರಲ್ಲಿ ಎಂಥ ಅವಮಾನ ಇತ್ತೆಂಬುದು ನಿಮಗೆ ತಿಳಿಯಬೇಕು. ಎಣ್ಣೆಗೆ ನೀರು ಬೆರೆಸಿದವರನ್ನು ಡಬ್ಬದ ವಾಸನೆಯಲ್ಲೇ ಹಿಡಿಯುತ್ತಾರೆ ಎಂದು ಸುತ್ತಿನ ಹಳ್ಳಿಯಲ್ಲೆಲ್ಲ ದೊಡ್ಡಪ್ಪನಿಗೆ ಹೆಸರು. ಈಗ ಅವರ ಮನೆಯ ಎಣ್ಣೆಗೇ ಯಾರೋ ನೀರು ಬೆರೆಸಿದ್ದಾರೆ! ಮೊದಲು ಎದುರಂಗಡಿಯವರ ಮೇಲೆ ಅನುಮಾನ ಬಂತು. ಆಮೇಲೆ ಬೀಗರ ಮೇಲೆ. ಬೀಗರು ಮೊಳಕಾಲ್ಮೂರಿನಿಂದ ಬಂದು ನೀರು ಸುರಿದು ಹೋಗುವುದು ಕಷ್ಟ ಎಂದು ನಾನು ಹೇಳಿದ್ದಕ್ಕೆ ನನ್ನನ್ನೂ ಒಮ್ಮೆ ಓರೆಗಣ್ಣಿನಿಂದ ನೋಡಿದರು.

ದುರ್ಗದಿಂದ ಒಬ್ಬ ಮೋಟಾರು ಮೇಸ್ತ್ರಿಯನ್ನು ಕರೆಸಿದ್ದಾಯಿತು. ಮೇಸ್ತ್ರಿ ಬಂದವನೇ ಕಡ್ಡಿ ನೋಡಿದ, ನಾಲಿಗೆ ಲೊಚಗುಟ್ಟಿದ. ಇಂಜಿನ್ನಿನ ಒಳಗೋಡೆ ಬಿರುಕು ಬಿಟ್ಟಿದೆ, ರೇಡಿಯೇಟರಿನ ನೀರು ಅಲ್ಲಿಂದಲೇ ಎಣ್ಣೆಗೆ ಇಳಿಯುತ್ತಿದೆ, ಇದರ ಕಥೆ ಮುಗಿಯಿತು ಎಂದ. ಮುಗಿದ ಕಥೆಯನ್ನು ತಾನೇ ಕೊಂಡುಕೊಳ್ಳುವುದಾಗಿಯೂ ಹೇಳಿದ. ದೊಡ್ಡಪ್ಪ ಅವನಿಗೆ ಊಟ ಹಾಕಿಸಿ, ಎಲೆ ಅಡಿಕೆ ಕೊಟ್ಟು, ಬೀಳ್ಕೊಟ್ಟು, ಬಾಗಿಲು ಹಾಕಿಕೊಂಡು ಬೈದರು.

ಬೈದಾದ ಮೇಲೆ ಯೋಚನೆಗೆ ಕೂತರು. ಒಳಗೆ ನೀರು ಇಳಿಯುತ್ತಿದ್ದರೆ ಮೇಲೆ ನೀರು ಕಮ್ಮಿಯಾಗಬೇಕಲ್ಲ? ರೇಡಿಯೇಟರಿಗೆ ನೀರು ತುಂಬಿ, ಅದರಲ್ಲೊಂದು ಕಡ್ಡಿ ಇಳಿಸಿ, ನೀರಿನ ಮಟ್ಟಕ್ಕೆ ಚಾಕುವಿನಿಂದ ಗೀರು ಹಾಕಿದರು. ಇಂಜಿನ್ನು ಚಾಲೂ ಮಾಡಿಸಿದರು, ಆರಿಸಿದರು, ತಣ್ಣಗಾಗಲು ಬಿಟ್ಟು ಮತ್ತೆ ಚಾಲೂ ಮಾಡಿಸಿದರು. ನನ್ನ ಭುಜದ ಪಾಡು ಕೇಳಬೇಡಿ. ಸಂಜೆ ಕಡ್ಡಿ ಇಳಿಸಿ ನೋಡಿದರೆ ನೀರು ಗೀರಿನ ಹತ್ತಿರವೇ ಇತ್ತು. ನೀರಿನ ಮೇಲೆ ಎಣ್ಣೆಯ ಪಸೆಯೂ ಇರಲಿಲ್ಲ. ಇಂಜಿನ್ನಿನಲ್ಲಿ ಬಿರುಕಿಲ್ಲ, ಬಿರುಕಿರುವುದು ಮೇಸ್ತ್ರಿಯ ತಲೆಯಲ್ಲಿ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು.

ಆದರೆ ಎಣ್ಣೆಯಲ್ಲಿ ಇರುವುದು ನೀರೇ ಹೌದೋ ಅಲ್ಲವೋ? ಅದಕ್ಕೆ ಅವರು ಅಡುಗೆಮನೆಗೆ ನುಗ್ಗಿದರು. ದೊಡ್ಡವ್ವ ರೊಟ್ಟಿ ಬೇಯಿಸುತ್ತಿದ್ದರು. ಅವರು ರೊಟ್ಟಿ ತೆಗೆದು ಇನ್ನೊಂದು ಹಾಕುವ ಸಂದಿನಲ್ಲಿ ದೊಡ್ಡಪ್ಪ ಕಾದ ಹೆಂಚಿನ ಮೇಲೆ ಇಂಜಿನ್ ಎಣ್ಣೆಯ ಹನಿ ಬಿಟ್ಟರು. ಅದು ಚಟಚಟ ಸಿಡಿದು ದೊಡ್ಡವ್ವನ ಸೆರಗಿನವರೆಗೂ ಹಾರಿತು.

"ನೀರೈತೆ!" ಎಂದರು ದೊಡ್ಡಪ್ಪ ಸಂತೋಷದಿಂದ.

"ನೀರು ಹೊರಗೂ ಐತೆ, ಹೋಗಿ ತಲೆ ಮೇಲೆ ಸುರ್ಕಳ್ರಿ" ಎಂದರು ದೊಡ್ಡವ್ವ.

ಆ ರಾತ್ರಿಯ ರೊಟ್ಟಿಯಲ್ಲಿ ಮೋಟಾರಿನ ವಾಸನೆ ಇತ್ತು. ದೊಡ್ಡಪ್ಪ ಒಬ್ಬರೇ ಅದನ್ನು ಹೊಗಳಿಕೊಂಡು ತಿಂದರು.

ಕಳ್ಳ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಅಂಗಡಿಯಲ್ಲಿ. ಚಳಿಯಲ್ಲಿ ಇಡೀ ರಾತ್ರಿ ನಿಂತಿದ್ದ ಒಂದು ಅರೆಖಾಲಿ ಎಣ್ಣೆ ಡಬ್ಬದ ಮುಚ್ಚಳವನ್ನು ದೊಡ್ಡಪ್ಪ ತೆರೆದರು. ಮುಚ್ಚಳದ ಒಳಮೈಯಲ್ಲಿ ಸಣ್ಣ ಸಣ್ಣ ನೀರಹನಿ. ವರ್ಷವರ್ಷವೂ ಕಾಣುತ್ತಿದ್ದದ್ದೇ, ಪಂಚೆಯಲ್ಲಿ ಒರೆಸಿ ಮರೆಯುತ್ತಿದ್ದದ್ದೇ. ಆವತ್ತು ಒರೆಸಲಿಲ್ಲ. ಮುಚ್ಚಳವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಗಿರಾಕಿಯನ್ನು ಅಲ್ಲೇ ಬಿಟ್ಟು, ಮನೆಗೆ ಓಡಿಬಂದು ಇಂಜಿನ್ನಿನ ಎಣ್ಣೆಬಾಯಿಯ ಮುಚ್ಚಳ ತಿರುಚಿ ತೆಗೆದರು. ಅಲ್ಲೂ ಅದೇ ಬೆವರು! ಹೊರಗಿನಿಂದ ಯಾರೂ ನೀರು ಹಾಕಿರಲಿಲ್ಲ. ಇಂಜಿನ್ನು ತಾನೇ ಒಳಗೆ ಬೆವೆತಿತ್ತು. ಓಡಿದ್ದು ನಾಲ್ಕು ಮಾರು. ಅಷ್ಟಕ್ಕೆ ಅದು ಉಗುರುಬೆಚ್ಚಗಾಗಿ ಹಬೆ ಕಟ್ಟುತ್ತಿತ್ತೇ ಹೊರತು, ಹಬೆಯನ್ನು ಹೊರಗೆ ಹಾಕುವಷ್ಟು ಕಾಯುತ್ತಿರಲಿಲ್ಲ. ಹೊರಗೆ ಹೋಗೋಣವೆಂದರೆ ದಾರಿಗೆ ಮಡಿ ಪಂಚೆ ತುರುಕಿತ್ತು. ತಣ್ಣಗಾದ ಹಬೆ ನೀರಾಗಿ ಎಣ್ಣೆಗೆ ಇಳಿಯುತ್ತಿತ್ತು.

ಎಣ್ಣೆಗೆ ನೀರು ಬೆರೆಸಿದವರು ಯಾರು ಎಂಬುದು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ದೊಡ್ಡಪ್ಪ ಪಂಚೆಯ ತುಂಡನ್ನು ಮೆಲ್ಲಗೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಂಟಲು ಸರಿಮಾಡಿಕೊಂಡು, "ಅಂಗಡಿ ಬಾಳ ಹತ್ರ ಆಯ್ತು. ಅದೇ ರೋಗ" ಎಂದರು.

ಹಾಗಾದರೆ ಅಂಗಡಿಯನ್ನು ದೂರದ ತಳಕು ಊರಿಗೆ ಸಾಗಿಸೋಣವೇ ಎಂದು ದೊಡ್ಡವ್ವ ಕೇಳಿದ್ದು ಅವರಿಗೆ ಕೇಳಿಸಲಿಲ್ಲ.

ಚಿಕಿತ್ಸೆ ಆಮೇಲೆ ಸರಸರನೆ ನಡೆಯಿತು. ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಿರುವಾಗಲೇ ತಳದ ಬಿರಡೆ ಬಿಚ್ಚಿ ಆ ಪಾಯಸವನ್ನೆಲ್ಲ ಬಸಿದೆವು. ಮುಚ್ಚಳಕ್ಕೂ ಕೊಳವೆಗೂ ಮೆತ್ತಿದ್ದ ಜಿಡ್ಡನ್ನು ಕೆರೆದು ತೆಗೆದೆವು. ಹೊಸ ಎಣ್ಣೆ ತುಂಬಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ಮೂಲೆಯಲ್ಲಿ ಉಳಿದ ತೇವ ಹೋಗಬೇಕಾದರೆ ಇಂಜಿನ್ನು ಚೆನ್ನಾಗಿ ಕಾಯಬೇಕು, ಕಾಯಬೇಕಾದರೆ ದೂರ ಓಡಬೇಕು. ದೊಡ್ಡಪ್ಪ ಕಂಬಳಿಯನ್ನು ಮಡಿಸಿ ದೊಡ್ಡವ್ವನ ಕೈಗೆ ಕೊಟ್ಟರು. ಗಂಡ ಪರದೇಶಕ್ಕೆ ಹೊರಟ ಹಾಗೆ ದೊಡ್ಡವ್ವ ಕುಂಕುಮ ಇಟ್ಟರು. ಗಂಡನಿಗಲ್ಲ, ಮೋಟಾರಿಗೆ.

ದೊಡ್ಡಉಳ್ಳಾರ್ತಿಯ ಹುಲ್ಲುಕಾವಲಿನ ದಾರಿ ಹಿಡಿದೆವು. ಅಂಗಡಿ ಬಂತು, ಅಂಗಡಿ ಹಿಂದೆ ಹೋಯಿತು. ದೊಡ್ಡಪ್ಪನ ಕೈ ಅಭ್ಯಾಸಬಲದಿಂದ ಬ್ರೇಕಿನ ಕಡೆ ಹೋದದ್ದನ್ನು ನಾನು ಕಂಡೆ. ಎದುರಂಗಡಿಯವರು ತಕ್ಕಡಿ ಕೆಳಗಿಟ್ಟು ಎದ್ದು ನಿಂತರು. ಊರು ದಾಟಿ ಹುಲ್ಲುಗಾವಲಿಗೆ ಬಂದಾಗ ಗಾಡಿಯ ಸದ್ದೇ ಬೇರೆಯಾಯಿತು. ಕೆಮ್ಮು ಹೋಗಿ ಗಂಟಲು ತೆರೆದ ಹಾಗೆ. ಕುರಿಗಳು ಚೆಲ್ಲಾಪಿಲ್ಲಿಯಾದವು, ಕುರುಬ ಬೈದ, ದೊಡ್ಡಪ್ಪ ಅವನಿಗೂ ಕೈಮುಗಿದರು. ಇಂಜಿನ್ನಿನ ಮೇಲೆ ಕೈಯಿಡಲಾಗದಷ್ಟು ಕಾವು ಏರಿತು. ನಿಲ್ಲಿಸಿ ನೋಡಿದರೆ ಆ ಸಣ್ಣ ಕೊಳವೆಯಿಂದ ಬೆಳ್ಳಗೆ ಏನೋ ಏಳುತ್ತಿತ್ತು. ಹೊಗೆಯೆಂದು ನಾನು ಗಾಬರಿಯಾದೆ. ದೊಡ್ಡಪ್ಪ ಅಂಗೈ ಅಡ್ಡ ಹಿಡಿದರು. ಅಂಗೈ ಒದ್ದೆಯಾಯಿತು. ಆ ಒದ್ದೆ ಕೈಯನ್ನು ನನ್ನ ಕೆನ್ನೆಗೆ ಒರೆಸಿ ನಕ್ಕರು. ಆ ಹಬೆ ಬರುವುದು ನಿಲ್ಲುವವರೆಗೂ ಕಾವಲನ್ನು ಸುತ್ತಿದೆವು.

ಮನೆಗೆ ಬಂದ ಮೇಲೆ ಮತ್ತೆ ಹೆಂಚಿನ ಪರೀಕ್ಷೆ. ಈ ಸಲ ದೊಡ್ಡವ್ವನೇ ಒಂದು ಒಡಕು ಹೆಂಚನ್ನು ಅಂಗಳದ ಒಲೆಯ ಮೇಲೆ ಇಟ್ಟು ಕಾಯಿಸಿದ್ದರು. ಅಕ್ಕಪಕ್ಕದವರೂ ಬಂದು ಸುತ್ತ ನಿಂತಿದ್ದರು. ಹನಿ ಬಿತ್ತು. ಎಲ್ಲರೂ ಬಗ್ಗಿ ನೋಡಿದರು. ಹನಿ ಸುಮ್ಮನೆ ಹರಡಿಕೊಂಡು ಹೊಗೆಯಾಯಿತು. ಚಟ್ ಎನ್ನಲಿಲ್ಲ, ಪಟ್ ಎನ್ನಲಿಲ್ಲ. ಎಣ್ಣೆ ಸುಮ್ಮನಿದ್ದಕ್ಕೆ ಅಷ್ಟು ಜನ ಗದ್ದಲ ಮಾಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಒಳ್ಳೆಯ ದಿನ ನೋಡಿ ಮೊಳಕಾಲ್ಮೂರಿಗೆ ಹೊರಟೆವು. ಹಿಂದುಗಡೆ ದೊಡ್ಡವ್ವ, ಅವರ ಸುತ್ತ ಸೀಮಂತದ ಬುಟ್ಟಿಗಳು. ತಳಕಿನಲ್ಲಿ ಸಂತೆಯ ಜನ ದಾರಿಯ ಎರಡೂ ಕಡೆ ಸಾಲುಗಟ್ಟಿದರು. ದೊಡ್ಡಪ್ಪ ಮೈಸೂರಿನ ಮಹಾರಾಜರ ಹಾಗೆ ತಲೆಬಾಗಿಸುತ್ತ ಹೋದರು. ಮೊಳಕಾಲ್ಮೂರಿನ ಬೀದಿಗೆ ಮೋಟಾರು ಬಂದಾಗ ಮನೆಮನೆಯಲ್ಲೂ ಮಗ್ಗದ ಸದ್ದು ನಿಂತು ನೇಕಾರರು ಹೊರಬಂದರು. ಒಬ್ಬ ಮುದುಕ ಸುತ್ತ ಬಂದು ನೋಡಿ, "ಬಂಡಿ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚುಗೆ ಕೊಟ್ಟ. ಬೀಗರು ಬಾಗಿಲಲ್ಲಿ ನಿಂತಿದ್ದರು. ದೊಡ್ಡಪ್ಪ ಇಳಿದು, ಪೇಟ ಸರಿಮಾಡಿಕೊಂಡು ಹೇಳಿದ್ದು ಇಷ್ಟೇ:

"ಅಂಗಡಿ ದಾಟಿ ಬಂದೀವ್ರಿ."

ಬೀಗರು ದೊಡ್ಡ ಮನಸ್ಸಿನವರು. ಗಟ್ಟಿಯಾಗಿ ನಕ್ಕು, ಕೈಹಿಡಿದು ಒಳಗೆ ಕರೆದೊಯ್ದರು. ಆವತ್ತಿನ ಊಟದಲ್ಲಿ ದೊಡ್ಡಪ್ಪ ಎಷ್ಟು ಹೋಳಿಗೆ ತಿಂದರೆಂದು ಲೆಕ್ಕ ಇಡುವುದು ಮರ್ಯಾದೆಯಲ್ಲ.

ಮರುದಿನ ಗೌರಿಯನ್ನು ಕೂರಿಸಿಕೊಂಡು ಹಿಂದಿರುಗಿದೆವು. ಹೋಗುವಾಗ ಸಂತೆಯ ಜನಕ್ಕೆ ತಲೆಬಾಗಿಸಿದ ಮನುಷ್ಯ ಇವರೇನಾ ಎನ್ನಿಸುವಂತೆ ದೊಡ್ಡಪ್ಪ ದಾರಿಯ ಒಂದೊಂದು ಕಲ್ಲನ್ನೂ ನೋಡಿಕೊಂಡು ಓಡಿಸಿದರು. ದಾರಿಯ ಹಾನಗಲ್ಲು ಹಳ್ಳಿ ದಾಟಿದ ಮೇಲೆ ಗೌರಿಗೆ ತಾಯಿಯ ತೊಡೆಯ ಮೇಲೆ ನಿದ್ದೆ ಹತ್ತಿತು. ರಾತ್ರಿಯೆಲ್ಲ ತವರಿಗೆ ಹೋಗುವ ಸಂಭ್ರಮದಲ್ಲಿ ಕಣ್ಣು ಮುಚ್ಚಿರಲಿಲ್ಲವಂತೆ. ಒಂದು ಗುಂಡಿ ತಪ್ಪಿಸಲಾಗದೆ ಗಾಡಿ ಕುಲುಕಿತು. ಅವಳು ನಿದ್ದೆಯಲ್ಲೇ ಮುಖ ಸಿಂಡರಿಸಿ ನರಳಿದಳು. ದೊಡ್ಡಪ್ಪ ಒಂದು ಹುಣಸೆಮರದ ಕೆಳಗೆ ಮೋಟಾರು ನಿಲ್ಲಿಸಿ ಇಂಜಿನ್ನು ಆರಿಸಿಬಿಟ್ಟರು. ಅವಳು ಏಳುವವರೆಗೂ ಇಲ್ಲೇ ಇರೋಣ ಎಂದು ಸನ್ನೆ ಮಾಡಿ, ಕೆಳಗಿಳಿದು, ಮಗಳ ಮುಖಕ್ಕೆ ನೊಣ ಕೂರದ ಹಾಗೆ ಪೇಟದ ಸೆರಗು ಬೀಸುತ್ತ ನಿಂತರು.

ಗೌರಸಮುದ್ರದ ಕಡೆ ಹೊರಟಿದ್ದ ಎತ್ತಿನ ಗಾಡಿಯೊಂದು ಗಂಟೆ ಸದ್ದು ಮಾಡುತ್ತ ಬಂತು. ಗಾಡಿಯವನು ದೂರದಿಂದಲೇ ಹಲ್ಲು ಕಿರಿದು, "ಯಾಕ್ರಿ ಸಾವ್ಕಾರ್ರೇ, ಮೋಟಾರು ಕೆಟ್ಟು ನಿಂತೈತಾ?" ಎಂದು ಕೂಗಿದ.

ನಾನು ಉತ್ತರ ಕೊಡಲು ಬಾಯಿ ತೆರೆದೆ. ದೊಡ್ಡಪ್ಪ ಬೆರಳು ತುಟಿಗಿಟ್ಟು ನನ್ನನ್ನು ತಡೆದು, ಗಾಡಿಯವನ ಹತ್ತಿರಕ್ಕೆ ಹೋಗಿ ಮೆಲ್ಲಗೆ ಹೇಳಿದರು:

"ಹೂಂ ಕಣಪ್ಪ, ಕೆಟ್ಟೈತೆ. ಎತ್ತಿನ ಗಂಟೆ ಒಂದಿಷ್ಟು ಹಿಡ್ಕಂಡು ದಾಟ್ಸು. ಮಗಳು ಮಲಗವ್ಳೆ."

ಗಾಡಿಯವನು ಒಮ್ಮೆ ಮೋಟಾರಿನೊಳಗೆ ನೋಡಿದ. ಕೆಳಗಿಳಿದ. ಎರಡೂ ಎತ್ತಿನ ಕೊರಳ ಗಂಟೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಅವುಗಳ ನಡುವೆ ಹೆಜ್ಜೆ ಹಾಕುತ್ತ, ಸದ್ದಿಲ್ಲದೆ ನಮ್ಮನ್ನು ದಾಟಿ ಹೋದ.